ಬಣ್ಣ ಹಿಡಿಯದ ಕೋಶಗಳು

ಮಾರ್ಚ್ ೧೧, ಮಂಗಳವಾರ

ಆ ಕೋಶಗಳು ಯಾವುವೆಂದು ಇವತ್ತೂ ತಿಳಿಯಲಿಲ್ಲ. ಓಡುವಾಗ ಕುಸಿದು ಸತ್ತ ಹುಡುಗಿಯ ಹೃದಯ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಪದರದ ಕೆಳಗೆ ದಪ್ಪಗೆ, ಪೇಲವವಾಗಿ ಮಲಗಿವೆ. ಮಿಡಿತದ ಸುದ್ದಿ ಒಯ್ಯುವ ಪರ್ಕಿಂಜೆ ಕೋಶಗಳಾದರೆ ಅಲ್ಲಿರಬೇಕಾದವೇ. ಅಲ್ಲವಾದರೆ ರೋಗದಿಂದ ಊದಿದ ಸ್ನಾಯು. ಅದು ಅವಳ ತಂಗಿಗೂ ಇರಬಹುದು.

ಪರ್ಕಿಂಜೆಯೊಳಗೆ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆ, ತುಂಬಿರುತ್ತದೆ. ಅದನ್ನು ಕೆನ್ನೇರಳೆಯಾಗಿಸುವ ಬಣ್ಣ ಹಾಕಿಸಿದೆ. ಹಿಡಿಯಲಿಲ್ಲ. ಹಾಗಾದರೆ ರೋಗವೇ, ತೀರ್ಮಾನವಾಯಿತು ಎನ್ನುವಷ್ಟರಲ್ಲಿ ಟೆಕ್ನಿಷಿಯನ್ ತಲೆ ಕೆರೆದುಕೊಂಡ.

“ಮೇಡಂ, ಈ ತುಂಡು ರಜೆಯಲ್ಲೆಲ್ಲ ಫಾರ್ಮಲಿನ್ ನೀರಲ್ಲೇ ಬಿದ್ದಿತ್ತು. ಗ್ಲೈಕೋಜನ್ ಕರಗಿ ಹೋಗಿರಬೇಕು.”

“ಮೊದಲೇ ಹೇಳೋಕೆ ಬಾಯಿಗೇನಾಗಿತ್ತು, ಪುಣ್ಯಾತ್ಮ?”

“ರಜೆ ಕೊಟ್ಟಿದ್ದು ನೀವೇ ಅಲ್ವಾ?”

ಇರಲೇ ಇಲ್ಲವೋ, ಇದ್ದು ತೊಳೆದುಹೋಯಿತೋ? ಗಾಜಿನ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಬೇರೆ ಕಡೆಯೂ ಹಾಗೆಯೇ ಇರಬಹುದು.

ಸಂಜೆ ಸತ್ತ ಹುಡುಗಿಯ ತಾಯಿ ಚಿಕ್ಕವಳೊಂದಿಗೆ ಬಂದರು. “ಇವಳನ್ನ ಓಡೋಕೆ ಬಿಡ್ಲಾ, ಬೇಡ್ವಾ? ಅಷ್ಟು ಹೇಳಿಬಿಡಿ.”

“ಇವಳ ಹೃದಯದ ಪರೀಕ್ಷೆ ಆಗುವವರೆಗೆ ಬೇಡ” ಎಂದೆ. ಮಾತು ಮುಗಿಯುವ ಮೊದಲೇ ಹುಡುಗಿ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತ ಇಳಿದುಹೋದಳು. ಹೆಜ್ಜೆಯ ಸದ್ದು ನಡುವೆಯೇ ನಿಂತಿತು. ತಾಯಿಯೂ ನಾನೂ ಒಟ್ಟಿಗೇ ಓಡಿಹೋಗಿ ಬಗ್ಗಿ ನೋಡಿದೆವು.

ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು.

ನಾಳೆ ಇನ್ನೊಂದು ತುಂಡು ಕತ್ತರಿಸಬೇಕು. ಅದೂ ಅದೇ ನೀರಿನಲ್ಲಿ ಬಿದ್ದಿತ್ತು.