ಕೊನೆಯ ನಲವತ್ತೆಂಟು ಬೈಟ್

ಶುಕ್ರವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ,

ಮುನಿಸಿಕೊಂಡು ಹೋದವರು ಮನೆ ಸೇರಿದ ಮೇಲೆ ಒಂದು ಮಾತು ತಿಳಿಸಬೇಕು ಎಂಬುದನ್ನು ನಿನ್ನ ಅಮ್ಮನೂ ಕಲಿಯಲಿಲ್ಲ, ನೀನೂ ಕಲಿಯಲಿಲ್ಲ. ಇರಲಿ. ಹೆತ್ತವಳು ನನ್ನ ತಂಗಿಯಾದರೂ ನೀನು ಬೆಳೆದದ್ದು ನನ್ನ ಮಡಿಲಲ್ಲೇ, ದೊಡ್ಡಮ್ಮನ ಮೇಲೆ ರೇಗುವ ಹಕ್ಕು ನಿನಗಿದೆ. ಫೋನು ಮಾಡಿದರೆ ಮತ್ತೆ ಕಿತ್ತಾಡುತ್ತೇವೆ, ಅದಕ್ಕೇ ಕಾಗದ.

ಮೊದಲು ನಿನಗೆ ಬೇಕಾದ ಸುದ್ದಿ: ನೀನು ಗೆದ್ದೆ. ಆ ಜಾಗ ತೆಗೆದುಕೋ.

ಆವತ್ತು ವರ್ಕ್‌ಶಾಪಿನಲ್ಲಿ ಎಲ್ಲರೆದುರು ನೀನು, ಖಾಲಿ ಜಾಗಕ್ಕೆ ಯಾರಾದ್ರೂ ಇಷ್ಟು ಜಗಳ ಆಡ್ತಾರಾ ದೊಡ್ಡಮ್ಮಾ, ಅಣ್ಣ ಬಿಟ್ಟುಹೋಗಿದ್ದು ಅಂತ ಪೂಜೆ ಮಾಡ್ಕೊಂಡು ಕೂರೋಣ್ವಾ ಎಂದೆ. ಖಾಲಿ ಅಂತ ನಿಂಗ್ಯಾರೇ ಹೇಳಿದ್ದು ಎಂದು ನಾನು ಗದರಿದೆ. ನೀನು ಚೀಲ ಹೆಗಲಿಗೇರಿಸಿ ಹೊರಟೇಹೋದೆ. ನಾನು ಹೇಳಬೇಕಿದ್ದ ಮಾತು ಹಾಗೇ ಉಳಿಯಿತು. ಈಗ ಹೇಳುತ್ತೇನೆ. ನಿನಗೆ ಗೊತ್ತಿರುವುದೂ ನಡುವೆ ಬರುತ್ತದೆ, ಸಹಿಸಿಕೋ. ಬುಡದಿಂದ ಹಿಡಿಯದಿದ್ದರೆ ನನಗೆ ತುದಿ ಸಿಗುವುದಿಲ್ಲ.

ನನ್ನ ಮಗ, ನಿನ್ನ ಅಣ್ಣ, ಕ್ಲಿನಿಕ್ಕುಗಳ ದಾಖಲೆಯನ್ನು ಡಿಸ್ಕಿನಲ್ಲಿ ಜೋಡಿಸಿಡುವ ಈ ಫೈಲ್ ಸಿಸ್ಟಮ್ ಕಟ್ಟಲು ಕುಳಿತಾಗ ನಾನಿನ್ನೂ ಹೊಲಿಗೆಯಲ್ಲೇ ಸಂಸಾರ ನಡೆಸುತ್ತಿದ್ದೆ. ಅವನ ಮೇಜು ಕಿಟಕಿಯ ಆ ಬದಿಗೆ, ನನ್ನ ಮೆಷೀನು ಈ ಬದಿಗೆ. ಒಂದು ದಿನ ನಿನ್ನದೇ ಫ್ರಾಕಿನ ಅಂಚು ಮಡಿಸುತ್ತಿದ್ದೆ. ಅಮ್ಮಾ, ಇಷ್ಟು ಬಟ್ಟೆ ಒಳಗೆ ಮಡಚಿ ಹಾಳು ಮಾಡ್ತೀಯಲ್ಲ ಎಂದ. ಮಗು ಬೆಳೆಯುತ್ತೆ ಕಣೋ, ಎಷ್ಟು ಅಂತ ಗೊತ್ತಿಲ್ಲ, ಬೆಳೆಯೋದಂತೂ ಗೊತ್ತಲ್ಲ ಎಂದೆ. ಅವನು ತನ್ನ ಪರದೆಯತ್ತ ತಿರುಗಿದ. ಆಮೇಲೆ ನೋಡಿದರೆ, ಡಿಸ್ಕಿನಲ್ಲಿ ಒಂದೊಂದು ಫೈಲಿಗೂ ಇರುವ ಚೀಟಿ ಇದೆಯಲ್ಲ, ಫೈಲು ಎಷ್ಟು ದೊಡ್ಡದು, ಎಲ್ಲಿದೆ ಎಂದು ಹೇಳುವುದು, ಅದರ ಕೊನೆಯಲ್ಲಿ ನಲವತ್ತೆಂಟು ಬೈಟ್ ಹಾಗೇ ಬಿಟ್ಟಿದ್ದ. ಇದು ನಿನ್ನ ಒಳಮಡಿಕೆ ಅಮ್ಮಾ, ಮುಂದೆ ಯಾರಿಗೋ ಬೇಕಾಗುತ್ತೆ ಎಂದು ನಕ್ಕ. ಆ ನಗುವಿಗೆ ಮರುಳಾಗಿಯೇ ನಾನು ಅವನ ಪಕ್ಕ ಕುಳಿತು ಒಂದೊಂದೇ ಸಾಲು ಕಲಿತದ್ದು.

ಇನ್ನೊಂದನ್ನೂ ಇಟ್ಟ. ಡಿಸ್ಕಿನ ಮೊದಲ ಪುಟದಲ್ಲಿ ಬಾವುಟಗಳ ಸಾಲು. ಹೊಸದೇನು ಸೇರಿಸಿದರೂ ಒಂದು ಬಾವುಟ ಏರಿಸಬೇಕು. ತನಗೆ ಗುರುತಿಲ್ಲದ ಬಾವುಟ ಕಂಡ ಪ್ರೋಗ್ರಾಮು ಜಾಣತನ ತೋರಿಸದೆ, ಏನನ್ನೂ ಮುಟ್ಟದೆ ಹಿಂದೆ ಸರಿಯಬೇಕು. ಗೊತ್ತಿಲ್ಲದವರ ಮನೆ ಅಡುಗೆಮನೆಗೆ ನುಗ್ತೀವಾ ಅಮ್ಮಾ ಎನ್ನುತ್ತಿದ್ದ.

ಅಷ್ಟೆಲ್ಲ ಯೋಚಿಸಿದವನು ಒಂದು ಸಣ್ಣದನ್ನು ಮರೆತ. ಜಾಗ ಬಿಟ್ಟರೆ ಸಾಲದು, ಅಲ್ಲಿ ಸೊನ್ನೆ ತುಂಬಬೇಕು. ತುಂಬಲಿಲ್ಲ. ಹಾಗಾಗಿ ಡಿಸ್ಕುಗಳನ್ನು ಅಣಿಮಾಡುವಾಗ ಅವನ ಕಂಪ್ಯೂಟರಿನ ನೆನಪಿನಲ್ಲಿ ಅಳಿಯದೆ ಬಿದ್ದಿದ್ದ ಚೂರುಪಾರು ಆ ನಲವತ್ತೆಂಟು ಬೈಟಿನೊಳಗೆ ಹೋಗಿ ಕುಳಿತಿತು. ಸೊನ್ನೆ ಇದ್ದಿದ್ದರೆ ಚೀಟಿ ಕೆಟ್ಟಿದೆಯೇ ಎಂದು ತಾಳೆ ನೋಡುವ ನಿನ್ನ ಹೊಸ ತಾಳೆ ಸಂಖ್ಯೆಯನ್ನು ನಿಧಾನವಾಗಿ, ಒಂದೊಂದೇ ಚೀಟಿಗೆ ಸೇರಿಸಬಹುದಿತ್ತು. ಕಸ ಯಾವುದು, ಸಂಖ್ಯೆ ಯಾವುದು ಎಂದು ತಿಳಿಯದ ಕಾರಣ ಇಡೀ ಡಿಸ್ಕನ್ನು ಒಮ್ಮೆಗೇ ಹೊಸ ರೀತಿಗೆ ಬದಲಿಸಬೇಕಾಯಿತು. ಇದು ದೊಡ್ಡಮ್ಮನ ಎಡವಟ್ಟು ಎಂದು ನೀನು ಹೇಳಿದಾಗ ಹೌದು ಎಂದುಬಿಟ್ಟೆ. ಅವನ ಹೆಸರಿನ ಪಕ್ಕದಲ್ಲಿ ತಪ್ಪು ಎಂಬ ಪದ ಕೇಳಲು ನನ್ನಿಂದ ಆಗುತ್ತಿರಲಿಲ್ಲ.

ನೀನು ಕಸ ಎಂದದ್ದು ಏನು ಗೊತ್ತೇನೇ? ಅವನು ಆ ದಿನಗಳಲ್ಲಿ ನಮಗೆಲ್ಲ ಬರೆದ ಮಾತುಗಳ ತುಂಡು. ನಮ್ಮ ಲಿಪಿಯ ಒಂದೊಂದು ಗುರುತಿಗೂ ಮೂರು ಬೈಟ್ ಬೇಕು, ಒಂದು ಚೀಟಿಗೆ ಎರಡು ಮೂರು ಪದ ಬಂದರೆ ಹೆಚ್ಚು. ಒಂದರಲ್ಲಿ 'ಗುಬ್ಬಿಗೆ ಹೇಳ್ಬೇಡ' ಎಂದಿದೆ. ಏನನ್ನು ಹೇಳಬಾರದಿತ್ತೋ, ನನಗೂ ಗೊತ್ತಿಲ್ಲ. ಇನ್ನೊಂದರಲ್ಲಿ ಬರೀ 'ಅಮ್ಮಂಗೆ ಕನ್ನಡಕ'. ಅವನು ಜ್ವರ ಎಂದು ಆಸ್ಪತ್ರೆಗೆ ಹೋದವನು ವಾಪಸು ಬರಲಿಲ್ಲ. ಆ ಮೇಲೆ ನಾನು ದುರಸ್ತಿಯ ನೆಪ ಹೇಳಿಕೊಂಡು ಒಂದೊಂದು ಕ್ಲಿನಿಕ್ಕಿಗೂ ಹೋಗಿ ಡಿಸ್ಕು ತೆರೆದು ಓದಿದೆ. ಈಯಮ್ಮ ಎಷ್ಟು ಶ್ರದ್ಧೆಯಿಂದ ನೋಡ್ತಾರೆ ಎಂದು ಅವರೆಲ್ಲ ಹೊಗಳಿದರು. ನಕಲು ಮಾಡಿಟ್ಟುಕೊಳ್ಳಬಾರದಾ ಎಂದು ನೀನು ಕೇಳುತ್ತೀಯ. ಮಾಡಿದೆ. ಸಾಲಾಗಿ ಬರೆದಿಟ್ಟರೆ ಅವು ಬರೀ ಪದಗಳು ಕಣೇ. ಅಲ್ಲಿ, ಆ ಮೂಲೆಯಲ್ಲಿ, ತನಗೇ ತಿಳಿಯದೆ ಬಿಟ್ಟುಹೋದ ಜಾಗದಲ್ಲಿ ಓದಿದರೆ, ಈಗಷ್ಟೇ ಎದ್ದು ಹೋಗಿದ್ದಾನೆ ಎನ್ನಿಸುತ್ತದೆ.

ಮತ್ತೆ ಯಾಕೆ ಸೋತೆ ಎನ್ನುತ್ತೀಯಾ? ನೀನು ಹೋದ ಮೇಲೆ ಮಕ್ಕಳ ಕ್ಲಿನಿಕ್ಕಿಗೆ ಹೋಗಿದ್ದೆ. ನೀನು ಹೇಳಿದ್ದು ನಿಜವೇ. ಚೀಟಿಯಲ್ಲಿ ಒಂದು ಅಂಕಿ ಕೆಟ್ಟು, ಒಂದು ಮಗುವಿನ ಫೈಲು ತೆರೆದರೆ ಇನ್ನೊಂದು ಮಗುವಿನ ಎಕ್ಸ್‌ರೇ ಬಂದಿದೆ. ಕಾಲು ಚೆನ್ನಾಗಿದೆ ಅಂತ ನಡೆಸಿ ಕಳಿಸಿಬಿಟ್ಟೆ ಕಣ್ರೀ ಎಂದು ಡಾಕ್ಟರಮ್ಮ ಮುಖ ಮುಚ್ಚಿಕೊಂಡರು. ತಾಳೆ ಸಂಖ್ಯೆ ಇದ್ದಿದ್ದರೆ ಚೀಟಿ ಕೆಟ್ಟಿದೆ ಎಂದು ಆಗಲೇ ತಿಳಿಯುತ್ತಿತ್ತು. ಆ ಪುಟ್ಟಿ ಬೆಂಚಿನ ಮೇಲೆ ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಕುಳಿತಿದ್ದಳು. ಅದರ ಮೇಲೆ ಗೆಳತಿಯರೆಲ್ಲ ಏನೇನೋ ಗೀಚಿದ್ದರು. ನನ್ನ ಕೈಗೆ ಪೆನ್ನು ಕೊಟ್ಟು, ನೀವೂ ಬರೀರಿ ಅಜ್ಜಿ, ಇಲ್ಲಿ ಇನ್ನೂ ಜಾಗ ಇದೆ ಎಂದಳು. ಮುಂದೆ ಯಾರಿಗೋ ಬೇಕಾಗುತ್ತೆ ಎಂದು ಅವನು ಹೇಳಿದ್ದು ಇವಳಿಗಾಗಿಯೇ ಅಲ್ಲವಾ? ಅವಳ ಜಾಗದಲ್ಲಿ ನಾನು ನನ್ನ ಮಗನನ್ನು ಕೂರಿಸಿಕೊಂಡಿದ್ದೆ.

ನಿನ್ನ ಪ್ರೋಗ್ರಾಮು ಹಾಕಿ ಕ್ಲಿನಿಕ್ಕುಗಳ ಡಿಸ್ಕು ಎಲ್ಲ ಬದಲಿಸಿ ಮುಗಿಸಿದ್ದೇನೆ. ಒಂದೊಂದು ಚೀಟಿಯಲ್ಲೂ ಅವನ ಮಾತು ಹೋಗಿ ನಿನ್ನ ಸಂಖ್ಯೆ ಬಂದಿದೆ. ಅಚ್ಚುಕಟ್ಟಾಗಿದೆ, ನಿನ್ನ ಕೈ ಪಳಗಿದೆ. ಪ್ರೋಗ್ರಾಮು ಓಡುತ್ತಿರುವಾಗ ನಾನು ಪರದೆ ನೋಡಲಿಲ್ಲ, ಗೋಡೆ ನೋಡುತ್ತಿದ್ದೆ. ಇನ್ನು ಉಳಿದಿರುವುದು ಅವನ ಮೇಜಿನ ಮೇಲಿದ್ದ ಡಿಸ್ಕೊಂದೇ. ಅದು ನನ್ನ ಮುಂದೆಯೇ ಇದೆ. ಈ ಕಾಗದ ಮುಗಿಸಿ ಅದನ್ನೂ ಮಾಡುತ್ತೇನೆ. ಹಳೆಯ ರೀತಿಯ ಡಿಸ್ಕು ಓದುವ ಭಾಗವನ್ನು ನೀನು ಪ್ರೋಗ್ರಾಮಿನಿಂದ ನಿಶ್ಚಿಂತೆಯಿಂದ ಕಿತ್ತುಹಾಕು.

ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮನ ಮೇಲೆ ರೇಗಬೇಡ, ರೇಗಲೇಬೇಕಾದರೆ ನಾನಿದ್ದೇನೆ.

ನಿನ್ನ ಮಾತು ಬಂದರೆ ಜಗಳದಲ್ಲೂ ಹೆಮ್ಮೆಪಡುವ,
ದೊಡ್ಡಮ್ಮ

ಮರೆತ ಮಾತು: ಬಾವುಟಗಳ ಸಾಲಿನಲ್ಲಿ ಕಟ್ಟಕಡೆಯದನ್ನು ಯಾವುದಕ್ಕೂ ಬಳಸಬೇಡ ಗುಬ್ಬಿ, ಅದಕ್ಕೊಂದು ಹೆಸರೂ ಇಡಬೇಡ. ಅದು ಏರಿರುವುದು ಒಂದೇ ಡಿಸ್ಕಿನಲ್ಲಿ, ಅವನ ಮೇಜಿನದ್ದರಲ್ಲಿ. ನಾನೇ ಈಗ ಏರಿಸಿದೆ. ಬದಲಿಸಲು ಕುಳಿತೆ, ಮೊದಲ ಚೀಟಿ ತೆರೆದೆ. 'ಬಾಗಿಲು ಹಾಕ್ಬೇಡ ಬರ' ಎಂದಿದೆ, ಅಲ್ಲಿಗೆ ಜಾಗ ಮುಗಿದಿದೆ. ನನ್ನ ಕೈ ಏಳಲಿಲ್ಲ. ನಿನ್ನ ಪ್ರೋಗ್ರಾಮು ಎಂದಾದರೂ ಆ ಬಾವುಟ ಕಂಡರೆ, ಅವನು ಬರೆದ ನಿಯಮದಂತೆ, ಇದು ನನಗೆ ತಿಳಿಯದ್ದು ಎಂದು ಮುಟ್ಟದೆ ಹಿಂದೆ ಸರಿಯಲಿ.