ಎಡಗಿವಿಗೆ ಬರೆದ ಕಾಗದ

ಭಾನುವಾರ, ಮಧ್ಯಾಹ್ನ
ಕೆಳಗಿನ ಕೋಣೆ

ನನ್ನ ಪಿಟೀಲಿಗೆ,

ಅಜ್ಜಿಯ ಮುತ್ತುಗಳು. ಮೇಲಿನ ಮಹಡಿಯಲ್ಲಿ ನೀನು ಕ್ಷೇಮವಾಗಿರಬಹುದು, ಕೆಳಗೆ ನಾನು ಕ್ಷೇಮ. ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಾಳಲ್ಲ, ಮುದುಕಿಗೆ ತಲೆ ನೆಟ್ಟಗಿದೆಯೇ ಎಂದು ನಗುತ್ತೀಯೇನೋ. ನಗು, ಪರವಾಗಿಲ್ಲ. ನಗು ಮಾತ್ರ ನಿನ್ನದೇ ಆಗಿರಲಿ.

ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಕಣ್ಣಿನ ಪೊರೆ ತೆಗೆದ ಡಾಕ್ಟರು ಓದುವುದು, ಬರೆಯುವುದು ಕೂಡದು ಎಂದು ಕೂರಿಸಿಬಿಟ್ಟಿದ್ದರು. ಕಣ್ಣು ಸರಿಹೋದ ಮೇಲೆ ಧೈರ್ಯ ಸರಿಹೋಗಲು ಇನ್ನಷ್ಟು ದಿನ ಹಿಡಿಯಿತು. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು. ಅಕ್ಷರ ಕುಂಟಿದರೆ ನೀನೇ ಕೈ ಹಿಡಿದು ನಡೆಸಿಕೊಂಡು ಓದು.

ಬಾಯಲ್ಲೇ ಹೇಳಬಾರದಿತ್ತೇ ಎನ್ನುತ್ತೀಯ. ಹೇಳಿ ನೋಡಿದೆನಲ್ಲೇ! ಮೊನ್ನೆ ಮೆಟ್ಟಿಲ ಬುಡದಲ್ಲಿ ನಿಂತು "ಊಟಕ್ಕೆ ಬಾರೇ, ಆರಿಹೋಗುತ್ತೆ" ಎಂದು ಕೂಗಿದೆ. ನೀನು ಬಲಗಿವಿಗೆ ಅಂಗೈ ಹಿಡಿದು ಬಗ್ಗಿ, "ಇನ್ನೊಂದು ಸಲ ಹೇಳಿ, ಅವಸರ ಇಲ್ಲ" ಎಂದೆ. ಅದು ನಿನ್ನಮ್ಮ ತನ್ನ ಕ್ಲಾಸಿನಲ್ಲಿ ಹೇಳುತ್ತಿದ್ದ ಮಾತು. ಅವಳಿಗೆ ಚಿಕ್ಕಂದಿನಲ್ಲೇ ಎಡಗಿವಿ ಹೋಗಿತ್ತು, ಅದಕ್ಕೆ ಪಾಪ ಬಲಗಿವಿ ತಿರುಗಿಸುತ್ತಿದ್ದಳು. ನಿನ್ನ ಕಿವಿಗೇನು ಬಂತು? ಇರುವೆ ನಡೆದರೂ ಕೇಳಿಸುತ್ತಿದ್ದ ಕಿವಿ ಅದು.

ಈಗ ನಿನ್ನನ್ನು ಏನು ಕೇಳಿದರೂ ಅವಳ ಉತ್ತರವೇ ಬರುತ್ತದೆ. ಕಾಗದಕ್ಕೆ ಅವಳು ಯಾವ ಉತ್ತರವನ್ನೂ ಇಟ್ಟು ಹೋಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇದು ಶುರುವಾದದ್ದು ಎಲ್ಲಿ ಎಂದು ನನಗೆ ಗೊತ್ತು. ನಿನ್ನಮ್ಮ ತೀರಿಹೋದ ಮೇಲೆ ಕಾಲೇಜಿನವರು ಅವಳ ಸಂಜೆ ಕ್ಲಾಸನ್ನು ನಿನಗೆ ಕೊಟ್ಟರು. ದಿನವಿಡೀ ದುಡಿದು ಬಂದು ಲೆಕ್ಕ ಕಲಿಯುವ ದೊಡ್ಡವರ ಕ್ಲಾಸು. ಮೊದಲ ದಿನ ನೀನು ನಿನ್ನದೇ ಸಣ್ಣ ದನಿಯಲ್ಲಿ ಪಾಠ ಮಾಡಿದೆ. ಅಲ್ಲಿ ಕಲಿಯಲು ಬರುವ ಟೈಲರ್ ಆಕಳಿಸಿದ. ಆಸ್ಪತ್ರೆಯ ಆಯಾ, "ನಿಮ್ಮಮ್ಮ ಹೇಳಿದ್ರೆ ತಟ್ಟಂತ ತಲೆಗೆ ಹೋಗ್ತಿತ್ತು ಬಿಡಿ" ಎಂದಳು. ಮನೆಗೆ ಬಂದು ನನ್ನ ಮಡಿಲಲ್ಲಿ ಮುಖ ಹುದುಗಿಸಿ, "ನನಗೆ ಕಲಿಸೋಕೆ ಬರಲ್ಲ ಅಜ್ಜಿ" ಎಂದು ಅತ್ತೆ. ಆಮೇಲೆ ನಿನ್ನಮ್ಮನ ಫೋನು ಹಿಡಿದು ಕುಳಿತೆ. ರಜೆ ಹಾಕಿದವರಿಗೆಂದು ನಿನ್ನಮ್ಮ ಪಾಠ ಮಾಡುವಾಗ ತೆಗೆಸಿಟ್ಟಿದ್ದ ವಿಡಿಯೋಗಳು. ಅವಳು ಸೀಮೆಸುಣ್ಣ ಹಿಡಿದಂತೆ ಹಿಡಿದೆ, ಅವಳು ನಿಂತಲ್ಲಿ ನಿಂತೆ, ಅವಳು ತಡೆದಲ್ಲಿ ತಡೆದೆ. ಅಮ್ಮನಿಂದ ಮಗಳು ಕಲಿಯಲಿ ಎಂದು ನಾನೂ ಸುಮ್ಮನಿದ್ದೆ.

ಕಣ್ಣಿನ ಆಪರೇಷನ್ ಆದ ದಿನ ನಿನ್ನ ಕ್ಲಾಸಿನಲ್ಲಿ ಕಲಿಯುವ ಬಸ್ ಡ್ರೈವರ್ ನನ್ನನ್ನು ಆಸ್ಪತ್ರೆಯಿಂದ ಕರೆತಂದನಲ್ಲ, ಕ್ಲಾಸು ಮುಗಿಯುವ ತನಕ ನಿಮ್ಮ ಕೋಣೆಯ ಹಿಂದಿನ ಬೆಂಚಿನಲ್ಲೇ ಕೂರಿಸಿದ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಬರೀ ಮಂಜು. ಫ್ಯಾನು ಕಿರುಗುಟ್ಟುತ್ತಿತ್ತು, ಬೆಂಚಿನಿಂದ ಯಾರದೋ ಎಣ್ಣೆ ಮೆತ್ತಿದ ಕೈಯ ವಾಸನೆ ಬರುತ್ತಿತ್ತು. ಆಗ ನನ್ನ ಮಗಳು ಪಾಠ ಶುರುಮಾಡಿದಳು.

ನಿನ್ನ ಅಮ್ಮ ಕಣೇ. ಹುಟ್ಟಿದಾಗ ನಿನ್ನ ಅಳು ಕೇಳಿ ನಿನ್ನ ತಾತ ಪಿಟೀಲು ಎಂದು ಹೆಸರಿಟ್ಟರು, ಅಂಥ ದನಿ ನಿನ್ನದು. ನಾನು ಕೇಳಿದ್ದು ಅವಳ ದಪ್ಪ ದನಿ, ಮಾತಿನ ಕೊನೆಯಲ್ಲಿ ಸಣ್ಣ ಕೆಮ್ಮು ಸಮೇತ.

ಆಯಾ ಏನೋ ಶೇಕಡಾ ಲೆಕ್ಕ ಕೇಳಿದಳು. ನೀನು ತ್ರಿಕೋನದ ಮೂಲೆಯ ಬಗ್ಗೆ ಉತ್ತರ ಕೊಟ್ಟೆ. ತ್ರಿಕೋನದ ಮಾತನ್ನು ಅಲ್ಲಿ ಯಾರೂ ಎತ್ತಿರಲಿಲ್ಲ. ಆಮೇಲೆ ಬಾಗಿಲ ಕಡೆ ತಿರುಗಿ, "ಅಲ್ಲೇ ಯಾಕೆ ಕೂತ್ರಿ? ಒಳಗೆ ಬನ್ನಿ. ನಿಮ್ಮ ಬಣ್ಣ ಯಾರಿಗೂ ಅಂಟಲ್ಲ" ಎಂದೆ. ನನ್ನ ಪಕ್ಕದಲ್ಲಿದ್ದ ಆಯಾ ಮೆಲ್ಲಗೆ ಸರಿದು ಜಾಗ ಬಿಟ್ಟಳು. ಆ ಜಾಗದ ಮೇಲೆ ಕೈಯಾಡಿಸಿದೆ. ಬೆಂಚು ಖಾಲಿ ಇತ್ತು.

ಹೊರಗೆ ಬಂದ ಮೇಲೆ ಡ್ರೈವರನ್ನು ತರಾಟೆಗೆ ತೆಗೆದುಕೊಂಡೆ. "ಯಾರಯ್ಯ ಬಾಗಿಲಲ್ಲಿ ಇದ್ದದ್ದು?"

"ಯಾರೂ ಇರಲಿಲ್ಲ ಅಜ್ಜಿ. ಹಿಂದೆ ಒಬ್ಬ ಪೇಂಟರ್ ಬರ್ತಿದ್ದ, ಮೈತುಂಬ ಬಣ್ಣ ಅಂತ ಬಾಗಿಲಲ್ಲೇ ಕೂರ್ತಿದ್ದ. ದೊಡ್ಡ ಮೇಡಂ ಅವನಿಗೆ ಹಂಗೆ ಹೇಳ್ತಿದ್ರು. ಅವನು ಪಾಸಾಗಿ ಹೋಗಿ ಯಾವ ಕಾಲ ಆಯ್ತೋ."

"ಮತ್ತೆ ಆಯಾ ಯಾಕೆ ಸರಿದಳು?"

"ಮೇಡಂ ಅಷ್ಟು ಗಟ್ಟಿಯಾಗಿ ಕರೆದ್ರೆ ಯಾರೋ ಬಂದೇ ಬರ್ತಾರೆ ಅನ್ಸುತ್ತೆ ಅಜ್ಜಿ. ನಮಗೆಲ್ಲ ಭಯ. ಇನ್ನು ಬರೋದು ಬೇಡ್ವೇನೋ ಅಂತ ಮಾತಾಡ್ಕೊಳ್ತಿದ್ದೀವಿ. ನಿಮ್ಮ ಮೊಮ್ಮಗಳು ಬಂದ್ರೆ ಬರ್ತೀವಿ, ನೋಡಿ."

ದಿನಾ ಕ್ಲಾಸಿಗೆ ಹೋಗುವವಳು ನೀನು. ಆದರೂ ಹಾಗೆಂದ. ನಿಮ್ಮ ಪ್ರಿನ್ಸಿಪಾಲರು ಮಾತ್ರ ಕಿಟಕಿಯಲ್ಲಿ ಇಣುಕಿ "ತಾಯಿಯ ಪಡಿಯಚ್ಚು!" ಎಂದು ಹೊಗಳಿ ಹೋದರಂತೆ. ಕ್ಲಾಸು ನಡೆಯುತ್ತಿದ್ದರೆ ಸಾಕು, ದೆವ್ವ ಪಾಠ ಮಾಡಿದರೂ ಆ ಮನುಷ್ಯ ಹಾಜರಿ ಹಾಕಿಕೊಳ್ಳುತ್ತಾರೆ.

ಈಗ ಕಿವಿಗೊಟ್ಟು ಕೇಳು, ಎರಡೂ ಕಿವಿ. ಕಲಿಸೋಕೆ ಬರಲ್ಲ ಎಂದೆಯಲ್ಲ, ನನಗೆ ಕಾಲು, ಅರೆಕಾಲು ಕಲಿಸಿದವರು ಯಾರು? ನೀನಿನ್ನೂ ಕಾಲೇಜಿನಲ್ಲಿ ಓದುತ್ತಿದ್ದೆ. ಅರ್ಧ ಮಾತ್ರೆಯ ಅರ್ಧ ನುಂಗಿ ಎಂದ ಔಷಧಿ ಅಂಗಡಿಯವನಿಗೆ ನಾನು ಶಾಪ ಹಾಕುತ್ತಿದ್ದೆ. ನೀನು ಒಗೆದ ಹಾಸಿಗೆ ಬಟ್ಟೆಯ ಒಂದು ತುದಿ ನನ್ನ ಕೈಗೆ ಕೊಟ್ಟು, "ಹಿಡ್ಕೋ ಅಜ್ಜಿ, ಮಡಚೋಣ" ಎಂದೆ. ಎರಡು ಸಲ ಮಡಚಿದೆವು. "ಈಗ ಎಷ್ಟಾಯ್ತು ಅನ್ಸುತ್ತೆ?" ಎಂದೆ. ನಾನು ತಪ್ಪು ಹೇಳಿದೆ. ನೀನು ತಿದ್ದಲಿಲ್ಲ. ಬಿಚ್ಚಿ ಮತ್ತೆ ಮಡಚಿದೆ. ಮಡಿಕೆಯ ಗೆರೆ ನೋಡಿ ನಾನೇ "ಅಯ್ಯೋ, ಕಾಲು ಕಣೇ!" ಎಂದು ಕಿರುಚಿದೆ. ನೀನು ಕೀಚಲು ದನಿಯಲ್ಲಿ ನಗುತ್ತಾ ಬಟ್ಟೆ ಬೀಳಿಸಿದೆ, ಮತ್ತೆ ಒಗೆಯಬೇಕಾಯಿತು.

ಅದು ನಿನ್ನ ಪಾಠ. ಎದುರಿಗೆ ನಿಂತು ಹೇಳುವುದು ನಿನ್ನಮ್ಮನಿಗೆ ಒಪ್ಪುತ್ತಿತ್ತು, ಕಿವಿ ಕೇಳದವಳಿಗೆ ಎಲ್ಲರ ತುಟಿ ಕಾಣಬೇಕಿತ್ತು. ನಿನಗೆ ಪಕ್ಕದಲ್ಲಿ ಕೂರುವುದು ಬರುತ್ತದೆ. ಟೈಲರ್ ಇಡೀ ದಿನ ಅಳತೆ ಹಿಡಿದವನು, ಅವನ ಕೈಗೆ ಬಟ್ಟೆ ಕೊಡು. ಡ್ರೈವರನ್ನು ದಾರಿ ಕೇಳು. ಮೂಗಿನ ಕೆಳಗೆ ಮೀಸೆ ಬಂದವರು, ಮಕ್ಕಳನ್ನು ಹೆತ್ತವರು ಅವರು. ಬಾಯಿಪಾಠ ಒಪ್ಪಿಸಿದರೆ ನಿದ್ದೆ ಮಾಡುತ್ತಾರೆ. "ನಿಮಗೇನನ್ಸುತ್ತೆ?" ಎಂದು ಕೇಳಿ, ಅವರು ಹೇಳುವಷ್ಟು ಹೊತ್ತು ಸುಮ್ಮನಿರು. ಮೊದಲ ದಿನ ಆಕಳಿಸಿದರೆ ಆಕಳಿಸಲಿ ಬಿಡು. ನಿನ್ನಮ್ಮನ ಮೊದಲ ಕ್ಲಾಸಿನಲ್ಲಿ ಒಬ್ಬ ಗೊರಕೆಯನ್ನೇ ಹೊಡೆದಿದ್ದನಂತೆ. ಅದರ ವಿಡಿಯೋ ಯಾರೂ ತೆಗೆದಿಲ್ಲ, ಅದಕ್ಕೆ ನಿನಗೆ ಗೊತ್ತಿಲ್ಲ.

ಫೋನನ್ನು ಬೀರುವಿನಲ್ಲಿಡು. ಎಸೆಯಬೇಡ. ನಾಳೆ ಆ ಕೋಣೆಗೆ ಹೋಗಿ ಬಾಗಿಲ ಕಡೆ ನೋಡದೆ, ಎದುರಿಗಿರುವವರ ಮುಖ ನೋಡು.

ನಿನ್ನ ದನಿ ನಿನ್ನ ಗಂಟಲಲ್ಲೇ ನೂರು ಕಾಲ ಇರಲಿ. ತಣ್ಣಗೆ ಬಾಳು ಮಗೂ.

ಹೀಗೆ ಬೈದು ಹರಸುವ,
ನಿನ್ನ ಅಜ್ಜಿ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಡಾಕ್ಟರು ನನ್ನ ಪಟ್ಟಿ ಮಾರನೇ ದಿನವೇ ತೆಗೆದಿದ್ದರು. ಕಣ್ಣು ಚುಚ್ಚುತ್ತದೆ ಎಂದು ನಾನು ಮತ್ತೆ ಮತ್ತೆ ಕರವಸ್ತ್ರ ಕಟ್ಟಿಕೊಂಡು ನಿನ್ನ ಕ್ಲಾಸಿಗೆ ಬಂದು ಕೂರುತ್ತಿದ್ದೆನಲ್ಲ, ಕಣ್ಣಿಗೇನೂ ಆಗಿರಲಿಲ್ಲ. ಕಣ್ಣು ಬಿಟ್ಟರೆ ನೀನು ಕಾಣುತ್ತೀಯ, ಮುಚ್ಚಿದರೆ ನನ್ನ ಮಗಳು ಬರುತ್ತಾಳೆ. ಕೊನೆಯ ಸಲ ತಡೆಯಲಾಗದೆ, ಎಲ್ಲರೂ ಎದ್ದು ಹೋದ ಮೇಲೆ "ಮಗಳೇ" ಎಂದು ಕರೆದೆ. ಹುಟ್ಟಿದಾಗಿನಿಂದ ನನ್ನನ್ನು ಅಜ್ಜಿ ಎಂದೇ ಕರೆದ ನೀನು, "ಏನಮ್ಮಾ?" ಎಂದೆ. ನಾನು ಕರವಸ್ತ್ರ ಬಿಚ್ಚಲಿಲ್ಲ. "ಏನಿಲ್ಲಮ್ಮ, ಸುಮ್ಮನೆ ಕರೆದೆ" ಎಂದೆ. ನನಗೆ ಅಷ್ಟು ಹಿತವಾಗಿತ್ತು ಕಣೇ. ಅವಳನ್ನು ಉಳಿಸಿಕೊಂಡು ನಿನ್ನನ್ನು ಬಿಟ್ಟುಬಿಡುತ್ತೇನೇನೋ ಎಂದು ನನಗೆ ನನ್ನ ಮೇಲೇ ಭಯವಾಯಿತು.

ನಾಳೆ ಬೆಳಿಗ್ಗೆ ನೀನು ಮೆಟ್ಟಿಲಿಳಿಯುವಾಗ ಎಡಗಡೆ ನಿಂತು ಮೆಲ್ಲಗೆ ಪಿಟೀಲು ಎನ್ನುತ್ತೇನೆ. ಕಣ್ಣು ತೆರೆದೇ ಇರುತ್ತೇನೆ. ತಿರುಗಿ ನೋಡಿ ಅಜ್ಜಿ ಅನ್ನು.