ಒಗೆಯದ ಅಂಗಿ

ಫೆಬ್ರವರಿ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಇಲ್ಲಿ ನಾವಿಬ್ಬರೂ ಹೊತ್ತುಹೊತ್ತಿಗೆ ಉಣ್ಣುತ್ತಿದ್ದೇವೆ, ಮಲಗುತ್ತಿದ್ದೇವೆ. ಅಲ್ಲಿ ನೀನೂ ಅಳಿಯಂದಿರೂ ಹಾಗೆಯೇ ಇದ್ದೀರಿ ಎಂದುಕೊಂಡಿದ್ದೇನೆ. ಕಾಗದ ಬರೆಯುತ್ತೇನೆ ಎಂದು ಫೋನಿನಲ್ಲಿ ಹೇಳಿ ಎಷ್ಟೋ ವಾರ ಕಳೆದವು, ಬೈಯಬೇಡ. ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದು ನೆಪ ಹೇಳಬಹುದು, ಆದರೆ ಹೆತ್ತ ಮಗಳ ಮುಂದೆ ಅದೆಲ್ಲ ಯಾಕೆ? ಬರೆಯೋಣವೆಂದು ಕೂರುವುದು, ಕೈ ಬಾರದೆ ಎದ್ದು ಹೋಗುವುದು, ಇದೇ ಆಯಿತು. ಫೋನಿನಲ್ಲಿ ಹೇಳಿಬಿಡೋಣವೆಂದರೆ ನಿನ್ನಮ್ಮ ಯಾವ ಮೂಲೆಯಲ್ಲಿದ್ದರೂ ಬಂದು ಪಕ್ಕದಲ್ಲಿ ನಿಂತು ಕಿವಿ ನೆಟ್ಟಗೆ ಮಾಡುತ್ತಾಳೆ. ಈಗ ಅವಳು ಹಿತ್ತಲಲ್ಲಿದ್ದಾಳೆ. ಅವಳು ಒಳಗೆ ಬರುವುದರೊಳಗೆ ಬರೆದು ಮುಗಿಸಬೇಕು.

ಹೋದ ಸಲ ಫೋನಿನಲ್ಲಿ ನೀನು ಕೇಳಿದೆಯಲ್ಲ, "ಅಪ್ಪಾ, ಹಿಂದೆ ಏನೋ ಕೆರೆಯೋ ಸದ್ದು ಬರ್ತಿದೆ, ಇಲಿನಾ?" ಎಂದು. ಇಲಿಯಲ್ಲ, ನಾಯಿ. ಚಿಕ್ಕಂದಿನಲ್ಲಿ ನೀನೂ ನಿನ್ನ ತಮ್ಮನೂ ನಾಯಿಮರಿ ಬೇಕೆಂದು ಹಟ ಹಿಡಿದಾಗ, ಒಗೆದ ಬಟ್ಟೆಗೆಲ್ಲ ಕೂದಲು ಮೆತ್ತುತ್ತದೆ ಎಂದು ಗದರಿಸಿದ ಇದೇ ಅಪ್ಪನ ಮನೆಯಲ್ಲಿ ಈಗ ನಾಯಿ ಇದೆ. ನಗುವುದಿದ್ದರೆ ಈಗಲೇ ನಕ್ಕುಬಿಡು, ಮುಂದೆ ನಗುವಂಥದ್ದು ಹೆಚ್ಚೇನಿಲ್ಲ.

ನಮ್ಮ ಲಾಂಡ್ರಿ ಅಂಗಡಿಯಿಂದ ಯಾರೂ ಬಂದು ತೆಗೆದುಕೊಂಡು ಹೋಗದ ಹೊದಿಕೆ, ಕಂಬಳಿಗಳನ್ನು ನಾನು ಬೀದಿನಾಯಿಗಳ ಆಶ್ರಯಕ್ಕೆ ಕೊಡುವುದು ನಿನಗೆ ಗೊತ್ತು. ಒಂದು ದಿನ ನಿನ್ನಮ್ಮನನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ. ಆ ಲಾರಿ ನಿನ್ನ ತಮ್ಮನ ಬೈಕಿಗೆ ಬಡಿದ ದಿನದಿಂದ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದೇ ಹೆಚ್ಚು. ಸ್ವಲ್ಪ ಗಾಳಿಯಾಡಲಿ ಎಂದಷ್ಟೇ ನನ್ನ ಲೆಕ್ಕಾಚಾರ. ಅಲ್ಲಿ ಹಿಂದಿನ ಕೋಣೆಯಲ್ಲಿ ಒಂದು ಕಂದು ನಾಯಿ ನಮಗೆ ಬೆನ್ನು ಹಾಕಿ, ಮೂತಿಯನ್ನು ಮೂಲೆಗೆ ಒತ್ತಿಕೊಂಡು ಕೂತಿತ್ತು. ಮನುಷ್ಯರ ಹೆಜ್ಜೆ ಕೇಳಿದರೆ ಗೋಡೆಯೊಳಗೇ ತೂರಿಕೊಳ್ಳುವ ಹಾಗೆ ಮುದುಡುತ್ತಿತ್ತು. ಅದಕ್ಕೇ ಅಲ್ಲಿಯವರು ಮೂಲೆರಾಯ ಎಂದು ಹೆಸರಿಟ್ಟಿದ್ದರು.

ಆಶ್ರಯ ನಡೆಸುವಾಕೆಯನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ನನಗಿಂತ ಎಷ್ಟೋ ಚಿಕ್ಕವಳಾದರೂ ನನಗೂ ಅಕ್ಕನೇ. ಅವಳು ಹೇಳಿದಳು, "ಎರಡು ಮನೆಗೆ ಕೊಟ್ಟು ನೋಡಿದ್ವಿ ಸಾರ್. ಒಂದು ಕಡೆ ಮಂಚದ ಕೆಳಗೆ ಸೇರ್ಕೊಂಡಿದ್ದು ಹೊರಗೇ ಬರ್ಲಿಲ್ಲ. ಇನ್ನೊಬ್ರಿಗೆ ಕಾವಲಿಗೆ ಬೇಕಿತ್ತು, ಇದು ಬೆಕ್ಕು ಕಂಡ್ರೂ ನಡುಗುತ್ತೆ. ಇಬ್ರೂ ವಾಪಸ್ ತಂದುಬಿಟ್ರು. ಇನ್ನೊಂದು ಸಲ ವಾಪಸ್ ಬಂದ್ರೆ ನಾನು ಯಾರಿಗೂ ಕೊಡಲ್ಲ. ಬದುಕಿರೋವರೆಗೂ ಇದಕ್ಕೆ ಈ ಕೋಣೆನೇ ಗತಿ."

ನಿನ್ನಮ್ಮ ಆ ಕಂಬಿಯ ಬಾಗಿಲ ಮುಂದೆ ನೆಲದ ಮೇಲೇ ಕೂತುಬಿಟ್ಟಳು. ಹೊರಡುವ ಹೊತ್ತಿಗೆ ನನ್ನ ಮುಖ ನೋಡಿ, "ಇದನ್ನ ನಾವು ಕರ್ಕೊಂಡು ಹೋಗೋಣ್ವಾ?" ಎಂದಳು. ಗುಬ್ಬಿ, ಅಷ್ಟು ತಿಂಗಳಲ್ಲಿ ಅವಳು ತನಗಾಗಿ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಆನೆ ಕೇಳಿದ್ದರೂ ತಂದು ಕಟ್ಟುತ್ತಿದ್ದೆ.

ಆದರೆ ಹೆದರಿದ ನಾಯಿಯನ್ನು ಹಗ್ಗ ಹಾಕಿ ಎಳೆದುಕೊಂಡು ಬರುವ ಹಾಗಿಲ್ಲವಂತೆ. ಅಕ್ಕನದ್ದೊಂದು ಪದ್ಧತಿ ಇದೆ. "ಮೊದಲು ವಾಸನೆ ಬರ್ಬೇಕು, ಆಮೇಲೆ ಮನುಷ್ಯ. ಮನೇಲಿ ಜಾಸ್ತಿ ಹೊತ್ತು ಯಾರಿರ್ತಾರೋ ಅವರು ಹಾಕ್ಕೊಂಡು ಬಿಟ್ಟ ಬಟ್ಟೆ ಒಂದು ಕೊಡಿ, ಒಗೆದಿರಬಾರ್ದು. ಇದರ ಜಾಗದಲ್ಲಿ ಹಾಕ್ತೀನಿ. ತಾನಾಗೇ ಬಂದು ಅದರ ಮೇಲೆ ಮಲಗೋ ತನಕ ನೀವ್ಯಾರೂ ಈ ಕಡೆ ಬರೋದು ಬೇಡ" ಎಂದಳು.

ನನ್ನ ಬನಿಯನ್ ಒಂದನ್ನು ಕೊಟ್ಟರಾಯಿತು ಎಂದುಕೊಂಡೆ. ಅದಕ್ಕೆ ನಿನ್ನಮ್ಮ, "ನಿಮ್ಮ ಬಟ್ಟೇಲಿ ಸೋಪಿನ ವಾಸನೆ ಬಿಟ್ರೆ ಮನುಷ್ಯನ ವಾಸನೆ ಎಲ್ಲಿದೆ? ಬಿಡಿ, ನಾನು ಕೊಡ್ತೀನಿ" ಎಂದಳು. ಅದೂ ನಿಜವೇ. ಬಿಚ್ಚಿದ ಬಟ್ಟೆ ನೆಲ ಮುಟ್ಟುವ ಮೊದಲೇ ನೀರಿಗೆ ಬೀಳುವ ಮನೆ ನಮ್ಮದು. ಮಾರನೆಯ ದಿನ ಒಂದು ಪ್ಲಾಸ್ಟಿಕ್ ಚೀಲವನ್ನು ಗಂಟು ಹಾಕಿ ಕೊಟ್ಟಳು. ಅವಳ ಶಾಲು ಇರಬೇಕು ಎಂದುಕೊಂಡೆ. ಹೆಂಡತಿ ಕಟ್ಟಿಕೊಟ್ಟ ಗಂಟನ್ನು ದಾರಿಯಲ್ಲಿ ಬಿಚ್ಚಿ ನೋಡುವ ಗಂಡ ನಾನಲ್ಲ. ತಲುಪಿಸಿ ಬಂದೆ.

ಕೆಲವು ವಾರಗಳಾದ ಮೇಲೆ ಅಕ್ಕನ ಫೋನು ಬಂತು. ಅವಳ ದನಿಯೇ ಕುಣಿಯುತ್ತಿತ್ತು. "ಸಾರ್, ಮೂಲೆರಾಯ ಬಟ್ಟೆ ಮೇಲೇ ಮಲಗ್ತಾನೆ! ಅದರ ಮೇಲೆ ಗದ್ದ ಇಟ್ಕೊಂಡು ಬಾಲ ಆಡಿಸ್ತಾನೆ. ಇವನಿಗೆ ಬಾಲ ಆಡ್ಸೋಕೆ ಬರುತ್ತೆ ಅನ್ನೋದೇ ನಂಗೆ ಗೊತ್ತಿರ್ಲಿಲ್ಲ. ನಾಳೇನೇ ಕರ್ಕೊಂಡು ಬರ್ತೀನಿ." ನಾನು ಖುಷಿಯಿಂದ ಹಿತ್ತಲ ಬಾಗಿಲಿಗೆ ಮೆತ್ತನೆಯ ಚೀಲ ಹಾಸಿದೆ, ಹೊಸ ತಟ್ಟೆ ತಂದೆ.

ಮಾರನೆಯ ದಿನ ಬೆಳಿಗ್ಗೆ ಅಕ್ಕ ತನ್ನ ವ್ಯಾನಿನಲ್ಲಿ ತಂದು ಹೊಸಿಲಲ್ಲಿ ಬಿಟ್ಟಳು. ಅದು ಒಳಗೆ ಕಾಲಿಟ್ಟು, ಒಂದು ಸಲ ಗಾಳಿ ಮೂಸಿ, ಬಾಲ ಎತ್ತಿಬಿಟ್ಟಿತು. ನನ್ನ ಕಾಲಿನ ಪಕ್ಕದಲ್ಲೇ ಓಡಿತು, ನನ್ನನ್ನು ನೋಡಲಿಲ್ಲ. ನಿನ್ನಮ್ಮ ಕೈ ಚಾಚಿದಳು, ಅವಳನ್ನೂ ದಾಟಿತು. ಅಡುಗೆಮನೆ, ನಡುಮನೆ ಎಲ್ಲ ಸುತ್ತಿ, ನಾವು ಮುಚ್ಚಿಟ್ಟಿದ್ದ ಆ ಕೋಣೆಯ ಬಾಗಿಲಿಗೆ ಬಂದು ಉಗುರಿನಿಂದ ಕೆರೆಯತೊಡಗಿತು. ನಿನ್ನಮ್ಮ ಹೋಗಿ ಬಾಗಿಲು ತೆಗೆದಳು. ಅದು ನಿನ್ನ ತಮ್ಮನ ಮಂಚ ಮೂಸಿತು, ಅವನ ಬೂಟು ಮೂಸಿತು, ಮಂಚದ ಕೆಳಗೆ ನೋಡಿತು. ಆಮೇಲೆ ಹೊರಗೆ ಬಂದು ಬೀದಿಬಾಗಿಲ ಕಡೆ ಮುಖ ಮಾಡಿ ಕೂತುಕೊಂಡಿತು.

ಅಕ್ಕ ವ್ಯಾನಿನಿಂದ ಅದರ ಬಟ್ಟೆಯನ್ನು ತಂದು ನನ್ನ ಕೈಗೆ ಕೊಟ್ಟಾಗಲೇ ನನಗೆ ತಿಳಿದದ್ದು. ನಿನ್ನ ತಮ್ಮ ಅವತ್ತು ಕೆಲಸಕ್ಕೆ ಹೋಗುವಾಗ ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ಹಾಕಿ ಹೋಗಿದ್ದ ನೀಲಿ ಚೌಕುಳಿ ಅಂಗಿ. ಊರಿನ ಕೊಳೆಯನ್ನೆಲ್ಲ ತೊಳೆಯುವ ಮನೆಯಲ್ಲಿ ಅದೊಂದನ್ನು ನಿನ್ನಮ್ಮ ನೀರು ಸೋಕದ ಹಾಗೆ ಕಪಾಟಿನಲ್ಲಿ ಇಟ್ಟುಕೊಂಡಿದ್ದಳು.

"ಏನೇ ಇದು? ಇದನ್ನ ಯಾಕೆ ಕೊಟ್ಟೆ?" ಎಂದು ಅಕ್ಕನ ಎದುರಿಗೇ ಕೂಗಾಡಿಬಿಟ್ಟೆ.

"ಮನೇಲಿ ಜಾಸ್ತಿ ಹೊತ್ತು ಯಾರಿರ್ತಾರೋ ಅವರ ಬಟ್ಟೆ ಕೊಡಿ ಅಂದ್ರು. ಕೊಟ್ಟೆ," ಎಂದಳು ನಿನ್ನಮ್ಮ. "ನೀವು ಬೆಳಿಗ್ಗೆ ಹೋದ್ರೆ ಸಂಜೆಗೆ ಬರ್ತೀರ. ನಾನು ಇದ್ದೂ ಇಲ್ಲದ ಹಾಗೆ. ನೀವೇ ಹೇಳಿ, ಈ ಮನೇಲಿ ಯಾವಾಗ್ಲೂ ಇರೋದು ಯಾರು?"

ಅಕ್ಕ ಗೋಡೆಯ ಮೇಲೆ ಹಾರ ಹಾಕಿದ್ದ ಅವನ ಫೋಟೋ ನೋಡಿದಳು, ಅವಳಿಗೂ ಅರ್ಥವಾಯಿತು. ಎಂದೂ ಯಾರನ್ನೂ ನಂಬದ ಪ್ರಾಣಿ ಕೊನೆಗೊಮ್ಮೆ ಒಬ್ಬನನ್ನು ನಂಬಿ, ಅವನ ಮನೆ ಹುಡುಕಿಕೊಂಡು ಬಂದಿತ್ತು. ಅವನೇ ಇರಲಿಲ್ಲ.

ಆಮೇಲಿನ ದಿನಗಳನ್ನು ಏನೆಂದು ಬರೆಯಲಿ. ಅದು ಆ ಅಂಗಿಯನ್ನು ಬೀದಿಬಾಗಿಲಿಗೆ ಎಳೆದುಕೊಂಡು ಹೋಗಿ ಅದರ ಮೇಲೆ ಕೂತಿರುತ್ತಿತ್ತು. ಹಾಲಿಟ್ಟರೆ ಮುಟ್ಟುತ್ತಿರಲಿಲ್ಲ, ಮೊಟ್ಟೆ ಇಟ್ಟರೆ ತಿರುಗಿ ನೋಡುತ್ತಿರಲಿಲ್ಲ. ಬೀದಿಯಲ್ಲಿ ಬೈಕು ನಿಂತ ಸದ್ದಾದರೆ ಕಿವಿ ಎತ್ತುತ್ತಿತ್ತು. ನಿನ್ನಮ್ಮನೂ ಎತ್ತುತ್ತಿದ್ದಳು. ಇಬ್ಬರನ್ನೂ ನೋಡಲಾರದೆ ನಾನು ಅಂಗಡಿಗೆ ಓಡಿಹೋಗುತ್ತಿದ್ದೆ. ಉಗುಳಲೂ ಆಗದ ನುಂಗಲೂ ಆಗದ ಬಿಸಿತುಪ್ಪ ಎನ್ನುತ್ತಾರಲ್ಲ, ಹಾಗಾಯಿತು ನಮ್ಮ ಸ್ಥಿತಿ.

ಪಕ್ಕೆಲುಬು ಕಾಣತೊಡಗಿದ ಮೇಲೆ ಅಕ್ಕನನ್ನು ಕರೆಸಿದೆ. ಅವಳು ಬಹಳ ಹೊತ್ತು ನಾಯಿಯ ಪಕ್ಕದಲ್ಲಿ ಬೆನ್ನು ತಿರುಗಿಸಿ ಕೂತಿದ್ದು, ಆಮೇಲೆ ಹೇಳಿದಳು, "ನನಗೆ ತೋಚೋದು ಒಂದೇ ದಾರಿ. ನಿಮ್ಮಲ್ಲಿ ಒಬ್ರು ಈ ಅಂಗಿ ಹಾಕ್ಕೊಂಡು ಓಡಾಡ್ಬೇಕು. ಸ್ನಾನಕ್ಕೆ ಬಿಟ್ರೆ ಬಿಚ್ಚಬಾರ್ದು, ಒಗೀಬಾರ್ದು. ದಿನ ಕಳೆದ ಹಾಗೆ ಹಳೇ ವಾಸನೆ ಹೋಗಿ ನಿಮ್ಮದು ಬರುತ್ತೆ. ಯಾವಾಗ ಬದಲಾಯ್ತು ಅಂತ ಅದಕ್ಕೆ ಗೊತ್ತೂ ಆಗಲ್ಲ, ನಿಮ್ಮನ್ನ ಒಪ್ಕೊಂಡುಬಿಟ್ಟಿರುತ್ತೆ."

"ಹಳೇದು ಹೋಗಿಬಿಟ್ರೆ ನನಗೇನು ಉಳೀತು?" ಎಂದಳು ನಿನ್ನಮ್ಮ. "ಬೇಡ. ನಾಯಿನ ಕರ್ಕೊಂಡು ಹೋಗಿ. ಅಂಗಿ ಕೊಡಿ."

ತಾಯಿಯ ಮುಂದೆ ನಾಯಿಯ ಪರ ವಕಾಲತ್ತು ವಹಿಸುವುದು ಹೇಗೆ? ಅಕ್ಕ ವ್ಯಾನಿನ ಬಾಗಿಲು ತೆಗೆದಿಟ್ಟು ಬಂದು, ನಾಯಿಯ ಮೈ ಕೆಳಗಿನಿಂದ ಮೆಲ್ಲಗೆ ಅಂಗಿಯನ್ನು ಎಳೆದಳು. ಅದು ಕಚ್ಚಲಿಲ್ಲ, ಬೊಗಳಲಿಲ್ಲ. ಬಾಯಿ ಮುಚ್ಚಿಕೊಂಡೇ ಒಳಗಿನಿಂದ ಒಂದು ಸದ್ದು ಮಾಡಿತು, ಅಷ್ಟೇ. ಆ ಸದ್ದನ್ನು ನಾನು ಮೊದಲು ಒಮ್ಮೆ ಕೇಳಿದ್ದೆ. ಆಸ್ಪತ್ರೆಯಲ್ಲಿ ಮಗನ ಕೈಯನ್ನು ನಿನ್ನಮ್ಮನ ಕೈಯಿಂದ ಬಿಡಿಸಿದಾಗ.

ಅವಳಿಗೂ ಅದು ಗುರುತು ಸಿಕ್ಕಿರಬೇಕು. "ಇರಿ" ಎಂದಳು. ಅಂಗಿಯನ್ನು ಇಸಿದುಕೊಂಡು ನನ್ನ ಮುಂದೆ ಬಂದು ನಿಂತಳು. "ಕೈ ಎತ್ತಿ" ಎಂದಳು.

"ನೀನೇ ಹಾಕ್ಕೊಳ್ಳೇ" ಎಂದೆ.

"ನಾನು ಹಾಕ್ಕೊಂಡ್ರೆ ಆಮೇಲೆ ಬಿಚ್ಚಲ್ಲ ರೀ. ನನ್ನ ಜೊತೇನೇ ಸುಡ್ಬೇಕಾಗುತ್ತೆ. ನೀವು ಹಾಕ್ಕೊಳ್ಳಿ."

ಚಿಕ್ಕ ಮಗುವಿಗೆ ತೊಡಿಸುವ ಹಾಗೆ ತೋಳು ತೂರಿಸಿ ತೊಡಿಸಿದಳು. ಹೊಟ್ಟೆಯ ಹತ್ತಿರದ ಗುಂಡಿ ಬರಲಿಲ್ಲ. "ಅವನದ್ದು ಸೊಂಟ, ನಿಮ್ಮದು ಗುಡಾಣ" ಎಂದಳು, ಅಳುತ್ತಲೇ. ಮೂಲೆರಾಯ ಎದ್ದು ಬಂದ. ಅಂಗಿಯ ತುದಿ ಮೂಸಿ ಬಾಲ ಆಡಿಸಿದ, ತಲೆ ಎತ್ತಿ ನನ್ನ ಮುಖ ನೋಡಿದ, ಬಾಲ ನಿಂತಿತು. ನನ್ನ ಬೆನ್ನ ಹಿಂದೆ ಹೋಗಿ, ಅಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ನೋಡಿ ಬಂದ. ಗುಬ್ಬಿ, ನಾನಲ್ಲ ಎಂದು ಅದಕ್ಕೆ ಹೇಗೆ ಹೇಳಲಿ? ಕೊನೆಗೆ ನನ್ನಿಂದ ಸ್ವಲ್ಪ ದೂರದಲ್ಲಿ ಮಲಗಿಕೊಂಡ. ಅಕ್ಕ ಖಾಲಿ ವ್ಯಾನ್ ತೆಗೆದುಕೊಂಡು ಹೋದಳು.

ಅಂದಿನಿಂದ ನಾನು ಅಂಗಡಿಗೂ ಅದನ್ನೇ ತೊಟ್ಟುಕೊಂಡು ಹೋಗತೊಡಗಿದೆ. "ಏನ್ ಸಾರ್, ಲಾಂಡ್ರಿಯವರ ಅಂಗಿಗೇ ಇಸ್ತ್ರಿ ಇಲ್ವಲ್ಲ?" ಎಂದು ಗಿರಾಕಿಗಳು ತಮಾಷೆ ಮಾಡಿದರು. ವೈದ್ಯರ ಮನೆಯಲ್ಲೇ ಕಾಯಿಲೆ ಜಾಸ್ತಿ ಎಂದೆ. ಸಂಜೆ ಮನೆಗೆ ಬಂದ ಕೂಡಲೇ ನಿನ್ನಮ್ಮ ಕಾಲರಿನ ಹತ್ತಿರ ಮೂಗಿಟ್ಟು ನಿಲ್ಲುತ್ತಿದ್ದಳು. "ಇದೆ" ಎನ್ನುತ್ತಿದ್ದಳು, ಟೀ ಮಾಡಲು ಹೋಗುತ್ತಿದ್ದಳು.

ನಾಯಿ ಮೊದಲು ಅವಳ ಕೈಯಿಂದ ಒಂದು ತುಂಡು ಬ್ರೆಡ್ಡು ತಿಂದಿತು. ಆಮೇಲೆ ನನ್ನ ಪಾದದ ಮೇಲೆ ಗದ್ದವಿಟ್ಟಿತು. ಈಗ ನನ್ನ ಜೊತೆ ಅಂಗಡಿಗೆ ಬಂದು ಇಸ್ತ್ರಿ ಮೇಜಿನ ಕೆಳಗೆ ಗೊರಕೆ ಹೊಡೆಯುತ್ತದೆ. ಬೀದಿಬಾಗಿಲಲ್ಲಿ ಕೂರುವುದನ್ನು ಬಿಟ್ಟಿದೆ. ಮೂಲೆರಾಯ ಹೋಗಿ ನಡುಮನೆರಾಯ ಆಗಿದ್ದಾನೆ. ನಿನ್ನಮ್ಮ ದಿನವಿಡೀ ಅವನಿಗೆ ಬೈಯುತ್ತಾಳೆ, "ಕಾಲಿಗೆ ಸಿಗಬೇಡ್ವೋ, ಬಿದ್ದು ಸಾಯ್ತೀನಿ" ಎಂದು. ಅವಳು ಹಾಗೆ ಬೈಯುವುದನ್ನು ಕೇಳಿ ಎಷ್ಟು ಕಾಲವಾಗಿತ್ತು. ಗೋಡೆಗೆ ಮುಖ ಮಾಡಿ ಮಲಗುವುದು ಕಡಿಮೆಯಾಗಿದೆ. ಇನ್ನು ಅದನ್ನು ವಾಪಸು ಕಳಿಸುವ ಮಾತಿಲ್ಲ. ಅಕ್ಕ ಬಂದು ನೋಡಿ, ಕಣ್ಣೊರೆಸಿಕೊಂಡು ಹೋದಳು.

ರಾತ್ರಿಪಾಳಿ ಇರುವಾಗ ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗು. ರೋಗಿಗಳನ್ನು ನೋಡಿಕೊಳ್ಳುವ ನರ್ಸಮ್ಮನೇ ಬಡಕಲಾದರೆ ಹೇಗೆ? ಅಳಿಯಂದಿರಿಗೆ ನನ್ನ ನೆನಪು ಹೇಳು. ನಿಮ್ಮ ಬಾಳು ತಂಪಾಗಿರಲಿ, ನಮ್ಮ ಪಾಲಿನ ಆಯಸ್ಸೂ ನಿಮಗೇ ಬರಲಿ.

ನಿನ್ನ
ಅಪ್ಪ

ತಾ.ಕ. ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಮೊನ್ನೆ ಸಂಜೆ ನಿನ್ನಮ್ಮ ಕಾಲರಿಗೆ ಮೂಗಿಟ್ಟು ಬಹಳ ಹೊತ್ತು ನಿಂತಳು. "ಇದೆ" ಎನ್ನಲಿಲ್ಲ. "ಒಗೆಯೋಕೆ ಹಾಕಿ" ಎಂದು ಒಳಗೆ ಹೋದಳು. ಟೀ ಮಾಡಲಿಲ್ಲ. ಅವಳಿಗೆ ಹೇಳಬೇಡ, ಅಷ್ಟು ದಿನವೂ ಅವನು ನನ್ನ ಕುತ್ತಿಗೆಯ ಹತ್ತಿರವೇ ಇದ್ದ ಹಾಗಿತ್ತು. ಅವನ ವಾಸನೆ ಮುಗಿಯಬಾರದೆಂದು ಬಿಸಿಲಿಗೆ ಹೋಗಲಿಲ್ಲ, ಇಸ್ತ್ರಿಯ ಹಬೆಯ ಹತ್ತಿರ ನಿಲ್ಲಲಿಲ್ಲ, ಬಚ್ಚಲಿನಿಂದ ಬಂದು ಮೈ ಪೂರ್ತಿ ಆರುವ ತನಕ ಅದನ್ನು ತೊಡುತ್ತಿರಲಿಲ್ಲ. ಆದರೂ ಬೆವರಿದೆ. ಅವನನ್ನು ಆ ಬಟ್ಟೆಯಿಂದ ಅಳಿಸಿದ್ದು ನನ್ನ ಮೈಯೇ ಮಗಳೇ, ಹೆತ್ತಪ್ಪನ ಬೆವರೇ. ಹೋದ ವರ್ಷ ಅವನು ನಿನ್ನಲ್ಲಿಗೆ ಬಂದಾಗ ಟವೆಲ್ಲೋ, ಟೋಪಿಯೋ ಏನಾದರೂ ಮರೆತು ಬಿಟ್ಟುಬಂದಿದ್ದಾನಾ, ಸ್ವಲ್ಪ ಹುಡುಕು. ಸಿಕ್ಕಿದರೆ ಒಗೆಯಬೇಡ. ಪಾರ್ಸೆಲ್ಲಿಗೂ ಹಾಕಬೇಡ. ನಾನೇ ಬರುತ್ತೇನೆ.